ಯಹೂದಿ ಅಧ್ಯಯನದ ಪದವಿ: ಓದಿದ ಮೇಲೆ ಮುಂದೇನು?

ಕೆಲವು ಪದವಿಗಳ ಹೆಸರು ಕೇಳಿದ ಕೂಡಲೇ ಮುಂದಿನ ದಾರಿ ಕಣ್ಣಿಗೆ ಕಾಣುತ್ತದೆ. ಎಂ.ಬಿ.ಬಿ.ಎಸ್. ಎಂದರೆ ಆಸ್ಪತ್ರೆ, ಎಲ್‌ಎಲ್.ಬಿ. ಎಂದರೆ ನ್ಯಾಯಾಲಯ, ಬಿ.ಇಡ್. ಎಂದರೆ ನನ್ನಂಥವರ ಕಪ್ಪು ಹಲಗೆ. ಇನ್ನು ಕೆಲವು ಪದವಿಗಳಿವೆ. ಹೆಸರು ಹೇಳಿದರೆ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಿದ್ದು, ‘ಅದನ್ನು ಓದಿದರೆ ಕೆಲಸ ಸಿಗುತ್ತದೆಯೇ?’ ಎಂದು ಕೇಳುತ್ತಾರೆ. ಅಮೆರಿಕ, ಇಸ್ರೇಲ್, ಇಂಗ್ಲೆಂಡ್, ಜರ್ಮನಿಗಳ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಲಿಸುವ ‘ಜ್ಯೂಯಿಷ್ ಸ್ಟಡೀಸ್’, ಅಂದರೆ ಯಹೂದಿ ಅಧ್ಯಯನ, ಈ ಎರಡನೆಯ ಗುಂಪಿಗೆ ಸೇರಿದ್ದು.

ಈ ಪ್ರಶ್ನೆಯನ್ನು ಅಲ್ಲಿನ ತಂದೆತಾಯಿಗಳೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಮಕ್ಕಳ ಎರಡು ವರ್ಷವೋ ಏಳು ವರ್ಷವೋ, ಮನೆಯ ಉಳಿತಾಯವೋ ಬ್ಯಾಂಕಿನ ಸಾಲವೋ ಇದರಲ್ಲಿ ತೊಡಗುತ್ತದೆ. ಹೊರದೇಶಕ್ಕೆ ಹೋಗಿ ಇತಿಹಾಸ, ಧರ್ಮಶಾಸ್ತ್ರ, ಭಾಷಾಶಾಸ್ತ್ರ ಓದಬೇಕೆನ್ನುವ ನಮ್ಮ ಮಕ್ಕಳ ಕಣ್ಣಿಗೂ ಈ ವಿಭಾಗದ ಹೆಸರು ಬೀಳುತ್ತದೆ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ಪದವಿಯ ಹೆಸರು ಯಾರಿಗೂ ಕೆಲಸ ಕೊಡುವುದಿಲ್ಲ. ಪದವಿಯ ಜೊತೆಗೆ ಕಲಿತ ಭಾಷೆ ಮತ್ತು ಕಸುಬು ಕೆಲಸ ಕೊಡುತ್ತವೆ. ಮುಂದೆ ಬರುವ ಉದಾಹರಣೆಗಳೆಲ್ಲ ಇದನ್ನೇ ಹೇಳುತ್ತವೆ.

ಇದು ಯಾವ ಓದು?

ಒಂದು ಗೊಂದಲವನ್ನು ಆರಂಭದಲ್ಲೇ ನಿವಾರಿಸಿಕೊಳ್ಳಬೇಕು. ಅಮೆರಿಕದವರು ‘ಗ್ರ್ಯಾಜುಯೇಟ್ ಡಿಗ್ರಿ’ ಎಂದರೆ ಅದು ನಮ್ಮ ಬಿ.ಎ., ಬಿ.ಎಸ್ಸಿ. ಅಲ್ಲ, ಅದರ ನಂತರದ ಎಂ.ಎ. ಮತ್ತು ಪಿಎಚ್.ಡಿ. ಎಂ.ಎ.ಗೆ ಒಂದರಿಂದ ಎರಡು ವರ್ಷ. ಪಿಎಚ್.ಡಿ.ಗೆ ಐದರಿಂದ ಏಳು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಜಗತ್ತಿನಲ್ಲಿ ಯಹೂದಿಗಳ ಸಂಖ್ಯೆ ಸುಮಾರು ಒಂದೂವರೆ ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯೇ ಆರು ಕೋಟಿ ದಾಟಿತ್ತು ಎಂಬುದನ್ನು ನೆನೆದರೆ ಇದು ಎಷ್ಟು ಸಣ್ಣ ಸಮುದಾಯ ಎಂದು ತಿಳಿಯುತ್ತದೆ. ಆದರೆ ಈ ಜನ ಎರಡು ಸಾವಿರ ವರ್ಷಗಳ ಕಾಲ ಬಾಗ್ದಾದ್, ಕೈರೊ, ಸ್ಪೇನ್, ಪೋಲೆಂಡ್, ಯೆಮೆನ್, ಕೊಚ್ಚಿ ಎಂದು ಚದುರಿ ಬಾಳಿದರು. ಹೋದಲ್ಲೆಲ್ಲ ಅಲ್ಲಿನ ಭಾಷೆ ಕಲಿತರು, ಅನೇಕ ಕಡೆ ಅದನ್ನು ಹೀಬ್ರೂ ಲಿಪಿಯಲ್ಲಿ ಬರೆದರು. ಹೀಗಾಗಿ ಇವರ ಚರಿತ್ರೆ ಓದಹೊರಟವನು ಅರ್ಧ ಜಗತ್ತಿನ ಚರಿತ್ರೆ ಓದಬೇಕಾಗುತ್ತದೆ. ಧರ್ಮಗ್ರಂಥ, ತತ್ತ್ವಶಾಸ್ತ್ರ, ಸಾಹಿತ್ಯ, ವ್ಯಾಪಾರ, ವಲಸೆ, ಎರಡನೆಯ ಮಹಾಯುದ್ಧದ ನರಮೇಧ ಎಲ್ಲವೂ ಇದರೊಳಗೆ ಬರುತ್ತವೆ. ಇದು ಪೌರೋಹಿತ್ಯದ ತರಬೇತಿ ಅಲ್ಲ, ಒಂದು ದೇಶದ ರಾಜಕೀಯದ ಪರವಾಗಿ ವಾದಿಸುವ ಓದೂ ಅಲ್ಲ. ಇಸ್ರೇಲ್ ರಾಷ್ಟ್ರದ ಅಧ್ಯಯನವನ್ನು ಹಲವೆಡೆ ಪ್ರತ್ಯೇಕ ವಿಷಯವಾಗಿಯೇ ಕಲಿಸುತ್ತಾರೆ.

ಆಧುನಿಕ ರೀತಿಯಲ್ಲಿ ಈ ಅಧ್ಯಯನ ಮೊದಲಾದದ್ದು 1819ರಲ್ಲಿ, ಬರ್ಲಿನ್‌ನಲ್ಲಿ. ಲಿಯೋಪೋಲ್ಡ್ ಜುಂಟ್ಸ್ ಮತ್ತು ಅವನ ಗೆಳೆಯರು ಇದಕ್ಕಾಗಿ ಒಂದು ಸಂಘ ಕಟ್ಟಿದರು. ಜರ್ಮನಿಯ ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಪೀಠ ಕೊಡಲಿಲ್ಲ. ಜುಂಟ್ಸ್ ಹೊಟ್ಟೆಪಾಡಿಗೆ ಪತ್ರಿಕೆಯಲ್ಲಿ ದುಡಿದ, ಶಿಕ್ಷಕರ ತರಬೇತಿ ಶಾಲೆ ನಡೆಸಿದ, ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡಿದ. ವಿಶ್ವವಿದ್ಯಾಲಯಗಳ ಬಾಗಿಲು ತೆರೆಯಲು ನೂರು ವರ್ಷ ಬೇಕಾಯಿತು. 1925ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯ ಆರಂಭವಾಯಿತು. ಅದೇ ವರ್ಷ ಹಾರ್ವರ್ಡ್‌ನಲ್ಲಿ ಹ್ಯಾರಿ ವುಲ್ಫ್‌ಸನ್, 1930ರಲ್ಲಿ ಕೊಲಂಬಿಯದಲ್ಲಿ ಸಾಲೋ ಬ್ಯಾರನ್ ಪೀಠಗಳನ್ನು ಅಲಂಕರಿಸಿದರು. 1969ರಲ್ಲಿ ಅಮೆರಿಕದಲ್ಲಿ ಈ ವಿಷಯದ ಅಧ್ಯಾಪಕರದೇ ಒಂದು ಸಂಘ ಹುಟ್ಟಿತು. ಮೊದಲು ವಿದ್ಯೆ ಬಂತು, ಸಂಬಳ ಬಹಳ ಹಿಂದಿನಿಂದ ಬಂತು.

ಪಾಠ ಹೇಳುವ ದಾರಿ

ಪಿಎಚ್.ಡಿ. ಮಾಡುವ ಬಹಳ ಮಂದಿ ಪ್ರಾಧ್ಯಾಪಕರಾಗುವ ಆಸೆಯಿಂದಲೇ ಸೇರುತ್ತಾರೆ. ಇಲ್ಲಿ ನಿಜ ಹೇಳಬೇಕು. ಖಾಯಂ ಹುದ್ದೆಗಳು ಕಡಿಮೆ, ಅರ್ಜಿಗಳು ಹೆಚ್ಚು. ‘ಯಹೂದಿ ಅಧ್ಯಯನ’ ಎಂಬ ಫಲಕದ ಕೆಳಗೆ ಪಾಠ ಹೇಳುವವರಲ್ಲಿ ಬಹುತೇಕರು ನಿಜವಾಗಿ ಇತಿಹಾಸ, ಧರ್ಮಶಾಸ್ತ್ರ, ತೌಲನಿಕ ಸಾಹಿತ್ಯ ಅಥವಾ ಪಶ್ಚಿಮ ಏಷ್ಯಾ ಭಾಷೆಗಳ ವಿಭಾಗದಲ್ಲಿ ನೇಮಕಗೊಂಡವರು. ಆದ್ದರಿಂದ ಮಾತೃ ವಿಭಾಗವೊಂದರಲ್ಲಿ ಗಟ್ಟಿಯಾಗಿ ನಿಲ್ಲದವನಿಗೆ ಕಷ್ಟ. ಹತ್ತೊಂಬತ್ತನೆಯ ಶತಮಾನದ ಪೋಲೆಂಡಿನ ಯಹೂದಿಗಳನ್ನು ಕುರಿತು ಬರೆದವನು ಯುರೋಪಿನ ಇತಿಹಾಸವನ್ನು ಪೂರ್ತಿಯಾಗಿ ಕಲಿಸಬಲ್ಲವನಾಗಿರಬೇಕು.

ಶಾಲಾ ಅಧ್ಯಾಪನ ಇನ್ನೊಂದು ದಾರಿ. ಅಮೆರಿಕ, ಕೆನಡ, ಇಂಗ್ಲೆಂಡ್‌ಗಳಲ್ಲಿ ಯಹೂದಿ ಸಮುದಾಯಗಳು ನಡೆಸುವ ಶಾಲೆಗಳಿವೆ. ಅಲ್ಲಿ ಹೀಬ್ರೂ, ಧರ್ಮಗ್ರಂಥ, ಇತಿಹಾಸ ಕಲಿಸುವವರು ಬೇಕು. ಎಂ.ಎ. ಜೊತೆಗೆ ನಮ್ಮ ಬಿ.ಇಡ್.ನಂಥ ಶಿಕ್ಷಣ ತರಬೇತಿ ಇದ್ದರೆ ಅನುಕೂಲ. ವಿದ್ಯಾರ್ಥಿ ಕೇಂದ್ರಗಳು, ಸಮುದಾಯ ಭವನಗಳು, ಧರ್ಮದತ್ತಿ ಸಂಸ್ಥೆಗಳೂ ಇಂಥವರನ್ನು ತೆಗೆದುಕೊಳ್ಳುತ್ತವೆ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಹಿಲೆಲ್’ ಎಂಬ ವಿದ್ಯಾರ್ಥಿ ಸಂಸ್ಥೆ ಇಂದು ನೂರಾರು ಕಾಲೇಜುಗಳಲ್ಲಿ ಕೆಲಸ ಮಾಡುತ್ತಿದೆ. ಆದರೆ ಸಮುದಾಯದ ಒಳಗಿನ ಇಂಥ ಕೆಲಸಗಳಿಗೆ ಆ ಸಮುದಾಯದವರನ್ನೇ ಬಯಸುವುದು ಸಹಜ. ಇನ್ನು ರಬ್ಬಿ, ಅಂದರೆ ಧರ್ಮಗುರು, ಆಗಬೇಕಾದರೆ ಪ್ರತ್ಯೇಕ ಗುರುಕುಲಗಳಲ್ಲಿ ಹಲವು ವರ್ಷಗಳ ಅಭ್ಯಾಸ ಬೇಕು, ವಿಶ್ವವಿದ್ಯಾಲಯದ ಎಂ.ಎ. ಅದಕ್ಕೆ ಸಾಲದು.

‘ಯಹೂದಿ ಅಲ್ಲದವರು ಇದನ್ನು ಓದಬಹುದೇ?’ ಎಂದು ನೀವು ಕೇಳಬಹುದು. ಧಾರಾಳವಾಗಿ ಓದಬಹುದು. ಜರ್ಮನಿ, ಪೋಲೆಂಡ್‌ಗಳಲ್ಲಿ ಈ ವಿಷಯ ಓದುವವರಲ್ಲಿ ಬಹುಪಾಲು ಯಹೂದಿಗಳಲ್ಲ. ವಿಶ್ವವಿದ್ಯಾಲಯ, ಗ್ರಂಥಾಲಯ, ವಸ್ತುಸಂಗ್ರಹಾಲಯಗಳ ಕೆಲಸಕ್ಕೆ ಧರ್ಮ ಮುಖ್ಯವಲ್ಲ, ವಿದ್ಯೆ ಮುಖ್ಯ.

ಗ್ರಂಥಾಲಯ ಮತ್ತು ಪತ್ರಾಗಾರ

ನನ್ನ ದೃಷ್ಟಿಯಲ್ಲಿ ಎಂ.ಎ. ಮುಗಿಸಿದವರಿಗೆ ಹೆಚ್ಚು ಹೊಂದುವ ಕ್ಷೇತ್ರ ಇದು. ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯ 2023ರಲ್ಲಿ ಹೊಸ ಕಟ್ಟಡಕ್ಕೆ ಬಂತು. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೀಬ್ರೂ ಪುಸ್ತಕಗಳದೇ ಒಂದು ವಿಭಾಗವಿದೆ. 1925ರಲ್ಲಿ ವಿಲ್ನಾ ನಗರದಲ್ಲಿ ಸ್ಥಾಪನೆಯಾಗಿ, ಯುದ್ಧಕಾಲದಲ್ಲಿ ನ್ಯೂಯಾರ್ಕಿಗೆ ಬಂದ ‘ಯಿವೋ’ ಸಂಸ್ಥೆ ಪೂರ್ವ ಯುರೋಪಿನ ಯಹೂದಿಗಳ ಕಾಗದಪತ್ರಗಳನ್ನು ಕಾಯುತ್ತಿದೆ. ನಾಜಿಗಳು ವಿಲ್ನಾದ ಸಂಗ್ರಹವನ್ನು ದೋಚುತ್ತಿದ್ದಾಗ, ವಿಂಗಡಿಸುವ ಕೆಲಸಕ್ಕೆ ಬಲವಂತವಾಗಿ ಹಚ್ಚಿದ್ದ ಯಹೂದಿ ವಿದ್ವಾಂಸರು ಹಾಳೆಗಳನ್ನು ಬಟ್ಟೆಯೊಳಗೆ ಅಡಗಿಸಿ ಸಾಗಿಸಿದರು. ಇಂದು ಪತ್ರಾಗಾರದ ಉದ್ಯೋಗಿಯೊಬ್ಬರು ಪಟ್ಟಿಮಾಡುವ ಹಾಳೆಯ ಹಿಂದೆ ಇಂಥ ಕಥೆಯಿರುತ್ತದೆ.

ಜರ್ಮನಿಯ ಬಾಡ್ ಆರೊಲ್ಸೆನ್ ಎಂಬ ಸಣ್ಣ ಊರಿನ ಪತ್ರಾಗಾರದಲ್ಲಿ ನಾಜಿ ದೌರ್ಜನ್ಯಕ್ಕೆ ಸಿಕ್ಕ ಸುಮಾರು 1.75 ಕೋಟಿ ಜನರ ಮಾಹಿತಿಯುಳ್ಳ ದಾಖಲೆಗಳಿವೆ. ‘ನಮ್ಮ ಅಜ್ಜ ಏನಾದರು?’ ಎಂದು ಇಂದಿಗೂ ಜನ ಅಲ್ಲಿಗೆ ಬರೆದು ಕೇಳುತ್ತಾರೆ. ಉತ್ತರ ಹುಡುಕಿ ಕೊಡುವವರಿಗೆ ಹಳೆಯ ಜರ್ಮನ್ ಕೈಬರಹ, ಊರುಗಳ ಬದಲಾದ ಹೆಸರು, ಒಂದೇ ಹೆಸರಿನ ಹತ್ತು ಕಾಗುಣಿತ ಇವೆಲ್ಲ ತಿಳಿದಿರಬೇಕು.

ಆದರೆ ಗಮನಿಸಿ. ಅಮೆರಿಕದ ಗ್ರಂಥಾಲಯ ಹುದ್ದೆಗಳಿಗೆ ಸಾಮಾನ್ಯವಾಗಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಯಹೂದಿ ಅಧ್ಯಯನ ಒಂದೇ ಇದ್ದರೆ ಬಾಗಿಲ ತನಕ ಹೋಗಬಹುದು, ಗ್ರಂಥಾಲಯ ವಿಜ್ಞಾನ ಜೊತೆಗಿದ್ದರೆ ಒಳಗೆ ಹೋಗಬಹುದು.

ವಸ್ತುಸಂಗ್ರಹಾಲಯ, ಕಳುವಾದ ಚಿತ್ರಗಳು

ಕಳೆದ ಮೂವತ್ತು ವರ್ಷಗಳಲ್ಲಿ ಈ ವಿಷಯಕ್ಕೆ ಮೀಸಲಾದ ದೊಡ್ಡ ವಸ್ತುಸಂಗ್ರಹಾಲಯಗಳು ತಲೆಯೆತ್ತಿವೆ. ವಾಷಿಂಗ್ಟನ್ನಿನ ಹೋಲೋಕಾಸ್ಟ್ ಸ್ಮಾರಕ ಸಂಗ್ರಹಾಲಯ 1993ರಲ್ಲಿ, ಬರ್ಲಿನ್ನಿನದು 2001ರಲ್ಲಿ ಬಾಗಿಲು ತೆರೆದವು. ವಾರ್ಸಾದ ‘ಪೋಲಿನ್’ ಸಂಗ್ರಹಾಲಯದ ಮುಖ್ಯ ಪ್ರದರ್ಶನ 2014ರಲ್ಲಿ ಆರಂಭವಾಯಿತು. ವಸ್ತುಗಳನ್ನು ಆರಿಸಿ ಜೋಡಿಸುವವರು, ಅವುಗಳ ಪಟ್ಟಿ ಇಡುವವರು, ಶಾಲಾ ಮಕ್ಕಳಿಗೆ ವಿವರಿಸುವವರು, ಬದುಕುಳಿದವರ ಮಾತನ್ನು ಧ್ವನಿಮುದ್ರಿಸಿ ಬರೆದಿಡುವವರು ಹೀಗೆ ಇಲ್ಲಿ ನಾನಾ ಬಗೆಯ ಕೆಲಸಗಳಿವೆ.

ಇದರ ಪಕ್ಕದಲ್ಲೇ ಇನ್ನೊಂದು ವೃತ್ತಿ ಬೆಳೆದಿದೆ. ನಾಜಿಗಳು ಯಹೂದಿ ಮನೆಗಳಿಂದ ಕಸಿದುಕೊಂಡ ಚಿತ್ರ, ಪುಸ್ತಕ, ಬೆಳ್ಳಿ ಸಾಮಾನುಗಳು ಕೈಯಿಂದ ಕೈಗೆ ದಾಟಿ ಜಗತ್ತಿನ ಸಂಗ್ರಹಾಲಯಗಳನ್ನು ಸೇರಿದ್ದವು. 1998ರಲ್ಲಿ 44 ದೇಶಗಳು ವಾಷಿಂಗ್ಟನ್ನಿನಲ್ಲಿ ಕೂಡಿ, ಇಂಥ ಕಲಾಕೃತಿಗಳನ್ನು ಗುರುತಿಸಿ ನ್ಯಾಯವಾದ ಪರಿಹಾರ ಕಂಡುಕೊಳ್ಳುವ ತತ್ತ್ವಗಳನ್ನು ಒಪ್ಪಿದವು. ಅಂದಿನಿಂದ ಒಂದು ಚಿತ್ರ ಯಾವ ವರ್ಷ ಯಾರ ಗೋಡೆಯ ಮೇಲಿತ್ತು ಎಂದು ಪತ್ತೆಹಚ್ಚುವ ಸಂಶೋಧಕರಿಗೆ ಬೇಡಿಕೆ ಬಂದಿದೆ. ಚಿತ್ರಕಾರ ಗುಸ್ತಾವ್ ಕ್ಲಿಮ್ಟ್‌ನ ಐದು ಚಿತ್ರಗಳನ್ನು ಆಸ್ಟ್ರಿಯ 2006ರಲ್ಲಿ ಮಾರಿಯಾ ಆಲ್ಟ್‌ಮನ್ ಮತ್ತಿತರ ವಾರಸುದಾರರಿಗೆ ಮರಳಿಸಬೇಕಾಯಿತು. ಇಂಥ ಪ್ರಕರಣಗಳಲ್ಲಿ ವಕೀಲರಿಗೆ ಬೇಕಾಗುವುದು ಹರಾಜಿನ ರಸೀತಿ, ಉಯಿಲು, ಸಾಗಣೆಯ ಪಟ್ಟಿಗಳನ್ನು ಓದಬಲ್ಲವರು.

ನ್ಯಾಯಾಲಯದಲ್ಲಿ ಇತಿಹಾಸಕಾರರು

ಇತಿಹಾಸ ಓದಿದವರಿಗೆ ನ್ಯಾಯಾಲಯದಲ್ಲಿ ಏನು ಕೆಲಸ ಎನ್ನಬೇಡಿ. 1961ರಲ್ಲಿ ಜೆರುಸಲೇಮಿನಲ್ಲಿ ಅಡಾಲ್ಫ್ ಐಕ್‌ಮನ್‌ನ ವಿಚಾರಣೆ ನಡೆದಾಗ, ನಾಶವಾದ ಯಹೂದಿ ಲೋಕ ಹೇಗಿತ್ತೆಂದು ವಿವರಿಸಲು ಸಾಕ್ಷಿಕಟ್ಟೆ ಹತ್ತಿದವರಲ್ಲಿ ಮೇಲೆ ಹೇಳಿದ ಸಾಲೋ ಬ್ಯಾರನ್ ಒಬ್ಬರು. ಅಮೆರಿಕದ ನ್ಯಾಯಾಂಗ ಇಲಾಖೆ 1979ರಲ್ಲಿ, ಗುರುತು ಮರೆಸಿ ದೇಶದೊಳಗೆ ಸೇರಿಕೊಂಡಿದ್ದ ನಾಜಿ ಅಪರಾಧಿಗಳನ್ನು ಹುಡುಕಲು ಒಂದು ವಿಶೇಷ ತನಿಖಾ ಕಚೇರಿ ತೆರೆಯಿತು. ಅಲ್ಲಿ ವಕೀಲರ ಜೊತೆಗೆ ಇತಿಹಾಸಕಾರರನ್ನೂ ಸಂಬಳ ಕೊಟ್ಟು ನೇಮಿಸಿಕೊಂಡಿದ್ದರು.

ಡೆಬೊರಾ ಲಿಪ್‌ಸ್ಟಾಟ್ ಅವರ ಉದಾಹರಣೆ ನೋಡಿ. ಅವರು ಎಂ.ಎ., ಪಿಎಚ್.ಡಿ. ಎರಡನ್ನೂ ಬ್ರಾಂಡೈಸ್ ವಿಶ್ವವಿದ್ಯಾಲಯದಲ್ಲಿ ಇದೇ ಕ್ಷೇತ್ರದಲ್ಲಿ ಮಾಡಿದವರು. ನರಮೇಧ ನಡೆದೇ ಇಲ್ಲ ಎನ್ನುವವರ ಬಗ್ಗೆ 1993ರಲ್ಲಿ ಪುಸ್ತಕ ಬರೆದರು. ಅದರಲ್ಲಿ ಹೆಸರಿಸಲ್ಪಟ್ಟ ಡೇವಿಡ್ ಅರ್ವಿಂಗ್ ಲಂಡನ್ನಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿದ. ಇಂಗ್ಲೆಂಡಿನ ಕಾನೂನಿನ ಪ್ರಕಾರ ಬರೆದದ್ದು ಸತ್ಯವೆಂದು ತೋರಿಸುವ ಹೊಣೆ ಪ್ರತಿವಾದಿಗಳ ಮೇಲೇ ಬಿತ್ತು. ಅವರ ಪರವಾಗಿ ಇತಿಹಾಸಕಾರರ ತಂಡವೊಂದು ಅರ್ವಿಂಗ್‌ನ ಬರಹಗಳ ಅಡಿಟಿಪ್ಪಣಿಗಳನ್ನು ಮೂಲ ದಾಖಲೆಗಳೊಡನೆ ಹೋಲಿಸಿ ನೋಡಿತು. 2000ದ ಏಪ್ರಿಲ್‌ನಲ್ಲಿ ತೀರ್ಪು ಲಿಪ್‌ಸ್ಟಾಟ್ ಪರ ಬಂತು. ಮುಂದೆ 2022ರಿಂದ 2025ರ ಜನವರಿಯವರೆಗೆ ಅವರು ಯಹೂದಿ ದ್ವೇಷದ ಮೇಲೆ ನಿಗಾ ಇಡುವ ಅಮೆರಿಕ ಸರ್ಕಾರದ ವಿಶೇಷ ರಾಯಭಾರಿಯಾಗಿದ್ದರು. ಅಡಿಟಿಪ್ಪಣಿ ಸರಿಯಾಗಿ ಬರೆಯಿರಿ ಎಂದು ಮೇಷ್ಟ್ರುಗಳು ಹೇಳುವುದು ಬರೀ ಅಂಕಕ್ಕಾಗಿ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಭಾಷೆಯೇ ಬಂಡವಾಳ

ಪೂರ್ವ ಯುರೋಪಿನ ಯಹೂದಿಗಳ ಮನೆಮಾತು ಯಿಡ್ಡಿಷ್. 1978ರಲ್ಲಿ ಐಸಾಕ್ ಬಾಶೆವಿಸ್ ಸಿಂಗರ್‌ಗೆ ನೊಬೆಲ್ ಪ್ರಶಸ್ತಿ ಬಂದದ್ದು ಈ ಭಾಷೆಯ ಬರವಣಿಗೆಗೆ. ನರಮೇಧದಲ್ಲಿ ಈ ಭಾಷೆಯ ಮಾತುಗಾರರು ಲಕ್ಷಗಟ್ಟಲೆ ಸತ್ತರು. ಅಮೆರಿಕಕ್ಕೆ ಬಂದವರ ಮಕ್ಕಳು ಇಂಗ್ಲಿಷಿಗೆ ತಿರುಗಿದರು. ಅಜ್ಜಂದಿರ ಪುಸ್ತಕಗಳನ್ನು ಓದಬಲ್ಲವರಿಲ್ಲದೆ ಮೊಮ್ಮಕ್ಕಳು ಅವನ್ನು ಕಸಕ್ಕೆ ಹಾಕತೊಡಗಿದರು.

ಆರನ್ ಲ್ಯಾನ್ಸ್ಕಿ ಎಂಬ ಯುವಕ ಕೆನಡದ ಮೆಗಿಲ್ ವಿಶ್ವವಿದ್ಯಾಲಯದಲ್ಲಿ ಯಿಡ್ಡಿಷ್ ಸಾಹಿತ್ಯದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ. ಪಠ್ಯಪುಸ್ತಕಗಳೇ ಸಿಗುತ್ತಿರಲಿಲ್ಲ. ಹಳೆಯ ಮನೆಗಳ ಬಾಗಿಲು ತಟ್ಟಿ ಕೇಳತೊಡಗಿದ. ಇನ್ನು ಉಳಿದಿರುವುದು ಎಪ್ಪತ್ತು ಸಾವಿರ ಪುಸ್ತಕವಿರಬಹುದೆಂದು ಆಗಿನ ತಜ್ಞರ ಅಂದಾಜು. 1980ರಲ್ಲಿ ಅವನು ಕಟ್ಟಿದ ಯಿಡ್ಡಿಷ್ ಪುಸ್ತಕ ಕೇಂದ್ರ ಈವರೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಪುಸ್ತಕಗಳನ್ನು ಕೂಡಿಹಾಕಿದೆ. ಮ್ಯಾಸಚುಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್‌ನಲ್ಲಿರುವ ಆ ಕೇಂದ್ರದಲ್ಲಿ ಇಂದು ಭಾಷಾ ಬೋಧನೆ, ಅನುವಾದ, ಪ್ರಕಟಣೆ ಎಲ್ಲವೂ ನಡೆಯುತ್ತವೆ. ಕೆಲಸ ಹುಡುಕಿಕೊಂಡು ಹೋಗದೆ, ಆಗಬೇಕಾದ ಕೆಲಸ ಯಾವುದೆಂದು ಕಂಡುಕೊಂಡವನ ಕಥೆ ಇದು. ಎಲ್ಲರಿಗೂ ಇದು ಸಾಧ್ಯವೆಂದು ನಾನು ಹೇಳಲಾರೆ. ಆದರೆ ಭಾಷೆ ಬಾರದವನಿಗೆ ಇದು ಹೊಳೆಯುವುದೂ ಇಲ್ಲ.

ವಿಜ್ಞಾನದವರಿಗೂ ಜಾಗವಿದೆ

ವಿಜ್ಞಾನದ ಮೇಷ್ಟ್ರಿಗೆ ಈ ವಿಷಯದಲ್ಲೇನು ಆಸಕ್ತಿ ಎಂದು ಓದುಗರು ಅಂದುಕೊಂಡಿರಬಹುದು. 1947ರಿಂದ ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಹಳೆಯ ಹಸ್ತಪ್ರತಿಗಳ ಬಗ್ಗೆ ಕೇಳಿರುತ್ತೀರಿ. ಅವುಗಳ ವಯಸ್ಸನ್ನು ಅಕ್ಷರದ ವಿನ್ಯಾಸ ನೋಡಿ ಪಂಡಿತರು ಮೊದಲು ಊಹಿಸಿದ್ದರು. 1990ರ ದಶಕದಲ್ಲಿ ಜ್ಯೂರಿಕ್ ಮತ್ತು ಅರಿಜೋನಾದ ಪ್ರಯೋಗಾಲಯಗಳು ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ ಆ ಊಹೆ ಬಹುಮಟ್ಟಿಗೆ ಸರಿಯೆಂದು ಕಂಡಿತು.

1970ರಲ್ಲಿ ಎನ್‌ಗೆದಿ ಎಂಬಲ್ಲಿ ಸುಟ್ಟು ಇದ್ದಿಲಾದ ಸುರುಳಿಯೊಂದು ಸಿಕ್ಕಿತ್ತು. ಮುಟ್ಟಿದರೆ ಪುಡಿಯಾಗುವಂತಿತ್ತು. ನಲವತ್ತೈದು ವರ್ಷಗಳ ನಂತರ ಅದನ್ನು ಬಿಚ್ಚದೆಯೇ ಕ್ಷ-ಕಿರಣ ಸ್ಕ್ಯಾನ್ ಮಾಡಿ, ಕೆಂಟಕಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಬ್ರೆಂಟ್ ಸೀಲ್ಸ್ ತಂಡ ಪರದೆಯ ಮೇಲೆ ಸುರುಳಿ ಬಿಡಿಸಿತು. ಒಳಗೆ ಇದ್ದದ್ದು ಬೈಬಲ್ಲಿನ ಯಾಜಕಕಾಂಡದ ಮೊದಲ ಭಾಗ. 2020ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಸಂಶೋಧಕರು ಮೃತ ಸಮುದ್ರದ ಚರ್ಮದ ಚೂರುಗಳ ಡಿ.ಎನ್.ಎ. ಪರೀಕ್ಷಿಸಿದರು. ಬಹಳಷ್ಟು ಕುರಿಯ ಚರ್ಮ, ಕೆಲವು ಮಾತ್ರ ದನದ್ದು. ಆ ಮರುಭೂಮಿಯಲ್ಲಿ ದನ ಸಾಕುವುದು ಕಷ್ಟ. ಆದ್ದರಿಂದ ಆ ಹಸ್ತಪ್ರತಿಗಳು ಹೊರಗಿನಿಂದ ಬಂದಿರಬೇಕೆಂದು ತರ್ಕಿಸಿದರು.

ರಸಾಯನಶಾಸ್ತ್ರ ಓದಿದವರಿಗೆ ಕಾಗದ, ಚರ್ಮ, ಶಾಯಿಗಳ ಸಂರಕ್ಷಣೆ, ಕಂಪ್ಯೂಟರ್ ಬಲ್ಲವರಿಗೆ ಹಳೆಯ ಕೈಬರಹವನ್ನು ಯಂತ್ರಕ್ಕೆ ಓದಿಸುವ ಕೆಲಸ ಇಂದು ಈ ಕ್ಷೇತ್ರದ ಜೀವಂತ ಭಾಗಗಳು. ಬಿ.ಎಸ್ಸಿ. ಮಾಡಿದವರು ‘ಇದು ಕಲಾ ವಿಭಾಗದ್ದು’ ಎಂದು ಪಕ್ಕಕ್ಕೆ ಸರಿಯಬೇಕಾಗಿಲ್ಲ.

ಮಂಗಳೂರಿನ ಕಾಗದಗಳು

ಈ ಅಧ್ಯಯನಕ್ಕೂ ನಮ್ಮ ನಾಡಿಗೂ ಇರುವ ಒಂದು ನಂಟನ್ನು ಇಲ್ಲಿ ಹೇಳಲೇಬೇಕು. ದೇವರ ಹೆಸರಿರಬಹುದಾದ ಬರಹವನ್ನು ಕಸಕ್ಕೆ ಎಸೆಯಬಾರದೆಂಬುದು ಯಹೂದಿಗಳ ನಿಯಮ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಈ ಭಾವನೆ ಅರ್ಥವಾಗುತ್ತದೆ. ಹಳೆಯ ಕಾಗದಗಳನ್ನು ಕೂಡಿಡುವ ಜಾಗಕ್ಕೆ ‘ಗೆನಿಜಾ’ ಎಂದು ಹೆಸರು. ಹಳೆಯ ಕೈರೊದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಗೆನಿಜಾದಲ್ಲಿ ಶತಮಾನಗಳ ಕಾಗದ ಹಾಗೆಯೇ ಉಳಿದಿತ್ತು. ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅಲ್ಲಿಗೆ ಹೋಗಿ ಅದರ ದೊಡ್ಡ ಭಾಗವನ್ನು ಕೇಂಬ್ರಿಜ್‌ಗೆ ತಂದ. ಅಲ್ಲಿ ಈಗ ಸುಮಾರು 1,93,000 ಚೂರುಗಳಿವೆ. ಪ್ರಾರ್ಥನೆಗಳ ಜೊತೆಗೆ ಲೆಕ್ಕಪತ್ರ, ಮದುವೆ ಕರಾರು, ವ್ಯಾಪಾರದ ಪತ್ರಗಳೂ ಇದ್ದವು.

ಎಸ್.ಡಿ. ಗೊಯ್ಟೀನ್ ಎಂಬ ಇತಿಹಾಸಕಾರರು ಆ ಪತ್ರಗಳಲ್ಲಿ ಭಾರತದ ಕಡಲ ವ್ಯಾಪಾರಕ್ಕೆ ಸಂಬಂಧಿಸಿದವನ್ನು ಬೇರ್ಪಡಿಸಿದರು. ಅವರ ತರುವಾಯ ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿದ ಈ ಕೆಲಸ 2008ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವಾಗಿ ಬಂತು. ಅದರಲ್ಲಿ ಬರುವ ಅಬ್ರಹಾಂ ಬೆನ್ ಯಿಜು ಟುನೀಸಿಯ ಮೂಲದ ಯಹೂದಿ ವರ್ತಕ. ಹನ್ನೆರಡನೆಯ ಶತಮಾನದಲ್ಲಿ ಅವನು ಮಂಗಳೂರಿನಲ್ಲಿ ನೆಲೆಸಿ ಅಡಿಕೆ, ಮೆಣಸು, ಕಬ್ಬಿಣದ ವ್ಯಾಪಾರ ಮಾಡುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಆಶು ಎಂಬ ದಾಸಿಯನ್ನು ಬಂಧಮುಕ್ತಗೊಳಿಸಿ ಬರೆದ ಪತ್ರದ ದಿನಾಂಕ 1132ರ ಅಕ್ಟೋಬರ್, ಸ್ಥಳ ಮಂಗಳೂರು. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಸೇವಕನ ಹೆಸರು ಪತ್ರಗಳಲ್ಲಿ ಕೆಲವೇ ವ್ಯಂಜನಗಳಾಗಿ ಉಳಿದಿತ್ತು. ಹೀಬ್ರೂ ಲಿಪಿಯಲ್ಲಿ ಸಾಮಾನ್ಯವಾಗಿ ಸ್ವರಗಳನ್ನು ಬರೆಯುವುದಿಲ್ಲವಲ್ಲ!

ಕಾದಂಬರಿಕಾರ ಅಮಿತಾವ್ ಘೋಷ್ ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರ ಓದಿದವರು. ಈಜಿಪ್ತಿನ ಹಳ್ಳಿಯಲ್ಲಿ ಕಲಿತ ಆಡುಮಾತಿನ ಅರಬ್ಬಿಯ ಬಲದಿಂದ, ಹೀಬ್ರೂ ಲಿಪಿಯ ಅರಬ್ಬಿಯಲ್ಲಿರುವ ಈ ಪತ್ರಗಳನ್ನು ಓದಲು ಕಲಿತರು. ಆ ಸೇವಕನ ಹೆಸರಿನ ಗುಟ್ಟು ಬಿಡಿಸಲು ಮಂಗಳೂರಿಗೆ ಬಂದರು. ತುಳು ಜಾನಪದದ ವಿದ್ವಾಂಸರಾದ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ತಿಳಿಯಿತು. 1992ರಲ್ಲಿ ಪ್ರಕಟವಾದ ಘೋಷರ ಪುಸ್ತಕ ಈ ಕಥೆಯನ್ನು ಜಗತ್ತಿಗೆ ಹೇಳಿತು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಹೀಬ್ರೂ, ಅರಬ್ಬಿ ಬಲ್ಲ ಪಂಡಿತರು ಎಷ್ಟೋ ಜನ. ಆದರೆ ಆ ಹೆಸರು ಬಿಡಿಸಿಕೊಂಡದ್ದು ತುಳುನಾಡನ್ನು ಬಲ್ಲವರಿಂದ. ಕೊಚ್ಚಿಯ ಯಹೂದಿ ಹೆಂಗಸರ ಮಲಯಾಳಂ ಹಾಡುಗಳನ್ನೂ ಹೀಗೆಯೇ ಮಲಯಾಳಂ ಮತ್ತು ಹೀಬ್ರೂ ಎರಡನ್ನೂ ಬಲ್ಲವರು ಸೇರಿ ಸಂಗ್ರಹಿಸಿದರು. ಕೊಂಕಣದ ಬೆನೆ ಇಸ್ರೇಲಿಗಳ ಮನೆಮಾತು ಮರಾಠಿ. ಈ ವಿಷಯದ ಭಾರತೀಯ ಮಗ್ಗುಲಿಗೆ ಭಾರತೀಯ ಭಾಷೆಗಳ ಕೀಲಿಕೈ ಬೇಕು. ಅದು ನಮ್ಮ ಮಕ್ಕಳ ಕೈಯಲ್ಲಿದೆ.

ಖರ್ಚು ಮತ್ತು ಅಪಾಯ

ಇನ್ನು ಪೋಷಕರ ಚಿಂತೆಗೆ ಬರೋಣ. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್.ಡಿ.ಗೆ ಆಯ್ಕೆಯಾದವರಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಮಾಡಿ ಜೀವನವೇತನ ಕೊಡುತ್ತವೆ. ಎಂ.ಎ.ಗೆ ಹಾಗಲ್ಲ, ಹೆಚ್ಚಾಗಿ ಕೈಯಿಂದಲೇ ಕಟ್ಟಬೇಕು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಊಟ, ವಸತಿ, ವಿಮೆಗಳ ವೆಚ್ಚ ಬೇರೆ.

ಸಾಲ ಮಾಡಿ ಎಂ.ಎ. ಓದಿ, ಅಲ್ಲಿ ಕೆಲಸದ ಪರವಾನಗಿ ಸಿಗದೆ ಹಿಂತಿರುಗಿದರೆ ಭಾರತದಲ್ಲಿ ಈ ಹೆಸರಿನ ಹುದ್ದೆಗಳು ತೀರ ವಿರಳ. ಅನುದಾನಗಳೂ ಕೈಕೊಡುತ್ತವೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಮಾನವಿಕ ಶಾಸ್ತ್ರಗಳ ರಾಷ್ಟ್ರೀಯ ನಿಧಿಯಿಂದ ಮಂಜೂರಾಗಿದ್ದ ಸಾವಿರಕ್ಕೂ ಹೆಚ್ಚು ಅನುದಾನಗಳನ್ನು ಒಮ್ಮೆಗೇ ರದ್ದುಪಡಿಸಲಾಯಿತು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಮೇಲೆ ನಡೆದ ದಾಳಿ ಮತ್ತು ಗಾಜಾ ಯುದ್ಧದ ನಂತರ ಅನೇಕ ವಿಶ್ವವಿದ್ಯಾಲಯಗಳ ಆವರಣದಲ್ಲಿ ವಾದವಿವಾದ ಬಿಸಿಯಾಗಿದೆ. ಈ ವಿಷಯ ಓದುವವರಿಗೆ ಎರಡೂ ಕಡೆಯ ಮಾತನ್ನು ತಾಳ್ಮೆಯಿಂದ ಕೇಳುವ ಮನಸ್ಸು ಬೇಕು.

ಹೊರಡುವ ಮುನ್ನ

ಹಾಗಾದರೆ ಆಸಕ್ತಿಯುಳ್ಳ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ಭಾಷೆ. ಅರ್ಜಿ ಹಾಕುವ ಮುನ್ನವೇ ಒಂದು ವರ್ಷ ಹೀಬ್ರೂ ಕಲಿಯಿರಿ. ಅದರ ಅಕ್ಷರಗಳು 22, ನಮ್ಮ ವರ್ಣಮಾಲೆಯ ಅರ್ಧಕ್ಕಿಂತಲೂ ಕಡಿಮೆ. ಒಂದು ವರ್ಷದ ಕಲಿಕೆಯಲ್ಲೇ ಇದು ನಿಜವಾದ ಆಸಕ್ತಿಯೋ ಹೊಸ ಹುರುಪೋ ಎಂಬುದು ನಿಮಗೇ ಗೊತ್ತಾಗುತ್ತದೆ, ಅದೂ ವಿಮಾನದ ಟಿಕೆಟ್ಟಿಲ್ಲದೆ.

ಎರಡನೆಯದು ಕಸುಬು. ಗ್ರಂಥಾಲಯ ವಿಜ್ಞಾನ, ಸಂರಕ್ಷಣೆ, ಕಂಪ್ಯೂಟರ್, ಅನುವಾದ, ಕಾನೂನು, ಶಿಕ್ಷಣ ಇವುಗಳಲ್ಲಿ ಒಂದನ್ನು ಜೊತೆಗೆ ಆರಿಸಿಕೊಳ್ಳಿ. ಮೂರನೆಯದು, ಸೇರಬೇಕೆಂದಿರುವ ವಿಭಾಗಕ್ಕೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿ: ಕಳೆದ ಐದು ವರ್ಷಗಳಲ್ಲಿ ಇಲ್ಲಿ ಓದಿ ಹೊರಬಂದವರು ಈಗ ಏನು ಮಾಡುತ್ತಿದ್ದಾರೆ? ಸ್ಪಷ್ಟ ಉತ್ತರ ಕೊಡುವ ವಿಭಾಗವನ್ನು ನಂಬಬಹುದು. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮಗ ಅಥವಾ ಮಗಳು ಇಂಥದ್ದೊಂದು ವಿಷಯದ ಹೆಸರು ಹೇಳಿದಾಗ ‘ಅದರಿಂದ ಏನು ಪ್ರಯೋಜನ’ ಎಂದು ಮಾತು ಮುಗಿಸಬೇಡಿ. ‘ಅದರ ಜೊತೆಗೆ ಇನ್ನೇನು ಕಲಿಯುತ್ತೀಯ?’ ಎಂದು ಕೇಳಿ. ಮಕ್ಕಳು ಆ ಪ್ರಶ್ನೆಗೆ ಒಂದು ಹಾಳೆಯಷ್ಟು ಉತ್ತರ ಬರೆದು ತಂದರೆ, ಕೂತು ಖರ್ಚಿನ ಲೆಕ್ಕ ಹಾಕಲು ತೊಡಗಿ.